ಮಲೆನಾಡಿನಿಂದ ಮರಳಿದವರ ಜ್ವರ

ಚಳ್ಳಕೆರೆ, ಮೊಳಕಾಲ್ಮುರು ಎಂದೊಡನೆ ಯಾರಿಗೂ ದಟ್ಟವಾದ ಕಾಡು ನೆನಪಾಗುವುದಿಲ್ಲ. ಶೇಂಗಾ ಹೊಲ, ಎಣ್ಣೆ ಮಿಲ್ಲು, ಕುರಿಮಂದೆ, ಕಂಬಳಿ, ರೇಷ್ಮೆ ಸೀರೆ, ಅಮೃತಮಹಲ್ ಕಾವಲು, ಕುರುಚಲು ಗಿಡಗಳ ನಡುವೆ ಎದ್ದುನಿಂತ ಬಂಡೆಗುಡ್ಡಗಳು ನೆನಪಾಗುತ್ತವೆ. ರಾಜ್ಯದಲ್ಲಿ ಬಹಳ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಇವೂ ಸೇರಿವೆ. ಹೀಗಿರುವಾಗ ಪಶ್ಚಿಮ ಘಟ್ಟದ ಕಾಡಿನ ಅಂಚಿನಲ್ಲಿ ಹುಟ್ಟುವ ಒಂದು ಜ್ವರದ ವಿಚಾರ ಇಲ್ಲಿನ ವಿದ್ಯಾರ್ಥಿಗಳಿಗೇಕೆ ಎಂದು ನೀವು ಕೇಳಬಹುದು.

ಮಳೆ ಕಡಿಮೆ ಎಂಬುದೇ ಅದಕ್ಕೆ ಉತ್ತರ. ಮಳೆ ಕೈಕೊಟ್ಟ ವರ್ಷ ಹೊಲದ ಕೆಲಸ ದೀಪಾವಳಿಯ ಹೊತ್ತಿಗೇ ಮುಗಿದುಹೋಗುತ್ತದೆ. ಬಯಲುಸೀಮೆಯ ಜನ ಗಂಟುಮೂಟೆ ಕಟ್ಟಿಕೊಂಡು ಕೆಲಸವಿರುವ ಕಡೆಗೆ ಹೊರಡುತ್ತಾರೆ. ಬೆಂಗಳೂರಿನ ದಾರಿ ಹಿಡಿಯುವವರು ಇರುವಂತೆಯೇ ಅಡಿಕೆ ಕೊಯ್ಲಿಗೆ, ಕಾಫಿ ಹಣ್ಣು ಬಿಡಿಸುವುದಕ್ಕೆ ಮಲೆನಾಡಿಗೆ ಹೋಗುವವರೂ ಉಂಟು. ಡಿಸೆಂಬರ್ ಬಂತೆಂದರೆ ಶಾಲಾ ಕಾಲೇಜುಗಳ ಪ್ರವಾಸದ ಬಸ್ಸುಗಳು ಜೋಗ, ಆಗುಂಬೆ, ಶೃಂಗೇರಿಗಳತ್ತ ಸಾಗುತ್ತವೆ. ಹೋದವರು ಸಂಕ್ರಾಂತಿಗೋ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಗೋ, ಯುಗಾದಿಗೋ ಊರಿಗೆ ಮರಳುತ್ತಾರೆ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಇದೇ ಅವಧಿಯಲ್ಲಿ, ಡಿಸೆಂಬರಿನಿಂದ ಮೇ ತಿಂಗಳವರೆಗೆ. ಅಲ್ಲಿ ಉಣ್ಣಿಯಿಂದ ಕಚ್ಚಿಸಿಕೊಂಡವನಿಗೆ ಜ್ವರ ಏರುವುದು ಇಲ್ಲಿ, ಅವನ ಮನೆಯಲ್ಲಿ, ಆ ಕಾಯಿಲೆಯನ್ನು ಯಾರೂ ನಿರೀಕ್ಷಿಸದ ಊರಿನಲ್ಲಿ ಆಗಬಹುದು.

ತೀರ್ಥಹಳ್ಳಿಯ ಅಥವಾ ಸಾಗರದ ಆರೋಗ್ಯ ಕೇಂದ್ರದಲ್ಲಿ ಫೆಬ್ರುವರಿ ತಿಂಗಳಲ್ಲಿ ಒಬ್ಬನಿಗೆ ಜ್ವರ ಬಂದರೆ ವೈದ್ಯರಿಗೆ, ನರ್ಸಮ್ಮನಿಗೆ, ಆಶಾ ಕಾರ್ಯಕರ್ತೆಗೆ, ಪಕ್ಕದ ಬೆಂಚಿನ ಮೇಲೆ ಕುಳಿತ ಅಜ್ಜನಿಗೆ ಸಹ ಮೊದಲು ಹೊಳೆಯುವುದು ಮಂಗನ ಕಾಯಿಲೆ. ಅದೇ ಮನುಷ್ಯ, ಅದೇ ಜ್ವರ ಹೊತ್ತು ಚಳ್ಳಕೆರೆಯ ಆಸ್ಪತ್ರೆಗೆ ಬಂದರೆ ಟೈಫಾಯ್ಡ್, ಡೆಂಗ್ಯೂ, ಮಲೇರಿಯಾಗಳು ಮೊದಲು ನೆನಪಾಗುತ್ತವೆ. ವೈದ್ಯರನ್ನು ದೂರಿ ಫಲವಿಲ್ಲ. ತಮ್ಮ ಸುತ್ತಮುತ್ತ ಯಾವ ರೋಗ ಹೆಚ್ಚು ಎಂಬ ಲೆಕ್ಕದ ಮೇಲೆಯೇ ಯಾವ ವೈದ್ಯರಾದರೂ ಯೋಚಿಸಬೇಕಾಗುತ್ತದೆ. ರೋಗಿ ಎಲ್ಲಿಗೆ ಹೋಗಿದ್ದ ಎಂಬುದು ತಿಳಿದರೆ ಆ ಲೆಕ್ಕ ಬದಲಾಗುತ್ತದೆ. ತಿಳಿಯದಿದ್ದರೆ ಎಂಥ ಜಾಣ ವೈದ್ಯರೂ ದಾರಿ ತಪ್ಪಬಹುದು. 2016ರಲ್ಲಿ ಗೋವೆಯ ಗೇರುತೋಟಗಳಲ್ಲಿ ದುಡಿದ ಕೂಲಿಗಾರರಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಅವರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯಿಂದ ಹೋಗಿದ್ದವರೂ ಇದ್ದರು. ಕೆಲಸಕ್ಕಾಗಿ ಊರು ಬಿಟ್ಟವರ ಜೊತೆಗೆ ಕಾಡಿನ ರೋಗವೂ ಬಸ್ಸು ಹತ್ತಬಲ್ಲದು.

ಕ್ಯಾಸನೂರಿನ ಕಥೆ

ಈ ಕಾಯಿಲೆಗೆ ಪುಸ್ತಕದ ಹೆಸರು ಕ್ಯಾಸನೂರು ಅರಣ್ಯ ಕಾಯಿಲೆ. ಕ್ಯಾಸನೂರು ಇರುವುದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು, ಮುಸುವಗಳು ಸತ್ತುಬೀಳತೊಡಗಿದವು. ಜೊತೆಜೊತೆಗೇ ಸುತ್ತಲಿನ ಹಳ್ಳಿಗಳ ಜನರಿಗೆ ವಿಪರೀತ ಜ್ವರ ಬಂತು. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಇಂದು ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ ಎಂದು ಹೆಸರಾಗಿದೆ. ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ, ಟಿ. ರಾಮಚಂದ್ರರಾವ್ ಮುಂತಾದ ವಿಜ್ಞಾನಿಗಳು ಈ ರೋಗದ ಅಧ್ಯಯನದಲ್ಲಿ ತೊಡಗಿದರು.

ಅವರಿಗೆ ಮೊದಲು ಬಂದ ಸಂಶಯ ಭಯ ಹುಟ್ಟಿಸುವಂಥದು. ಮಂಗಗಳೂ ಮನುಷ್ಯರೂ ಒಟ್ಟಿಗೆ ಜ್ವರದಿಂದ ಸಾಯುವ ರೋಗವೆಂದರೆ ಹಳದಿ ಜ್ವರ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಆ ರೋಗ ಭಾರತಕ್ಕೆ ಎಂದೂ ಬಂದಿರಲಿಲ್ಲ; ಆದರೆ ಅದನ್ನು ಹರಡಬಲ್ಲ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ. ಪ್ರಯೋಗಾಲಯದಲ್ಲಿ ವೈರಸ್ಸನ್ನು ಬೇರ್ಪಡಿಸಿ ಪರೀಕ್ಷಿಸಿದಾಗ ಅದು ಹಳದಿ ಜ್ವರವಲ್ಲವೆಂದು ಖಚಿತವಾಯಿತು. ಹಾಗಾದರೆ ಯಾವುದು? ಅದಕ್ಕೆ ಹತ್ತಿರದ ಬಂಧು ಸಿಕ್ಕಿದ್ದು ಬಹುದೂರದ ರಷ್ಯದಲ್ಲಿ. ಅಲ್ಲಿನ ಪೂರ್ವತುದಿಯ ಕಾಡುಗಳಲ್ಲಿ ವಸಂತದಿಂದ ಬೇಸಿಗೆಯವರೆಗೆ ಉಣ್ಣಿಯ ಕಡಿತದಿಂದ ಬರುವ ಮಿದುಳು ಜ್ವರದ ವೈರಸ್ಸನ್ನು 1937ರಲ್ಲಿ ಸೋವಿಯತ್ ವಿಜ್ಞಾನಿಗಳು ಗುರುತಿಸಿದ್ದರು. ಆ ಜ್ವರ ಅಲ್ಲಿ ಗಮನ ಸೆಳೆದದ್ದೂ ಆ ಕಾಡಿಗೆ ಹೊಸದಾಗಿ ಬಂದ ಸೈನಿಕರು ಮತ್ತು ಮರ ಕಡಿಯುವ ಕೆಲಸಗಾರರಿಂದ. ರೋಗವನ್ನು ಬೆಳಕಿಗೆ ತರುವವರು ಎಷ್ಟೋ ಸಲ ಪರಊರಿನಿಂದ ಬಂದು ಕಾಡು ಹೊಕ್ಕವರೇ.

ಅಂತೂ ಸೊಳ್ಳೆಯನ್ನು ಹುಡುಕುತ್ತಿದ್ದ ಕಣ್ಣುಗಳು ಉಣ್ಣಿಯ ಕಡೆ ತಿರುಗಿದವು. ಕೆಲವು ವರ್ಷ ಸೊರಬ, ಸಾಗರ, ಶಿಕಾರಿಪುರಗಳ ಸುತ್ತಲೇ ಇದ್ದ ರೋಗ ಮುಂದೆ ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಸೀಮೆಗಳಲ್ಲಿ ಕಂಡಿತು. 1983ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ದೊಡ್ಡ ಪ್ರಮಾಣದಲ್ಲಿ ಹಬ್ಬಿತು. 2012ರ ನಂತರ ಬಂಡೀಪುರ, ತಮಿಳುನಾಡಿನ ನೀಲಗಿರಿ, ಕೇರಳದ ವಯನಾಡು, ಗೋವೆ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಅದರ ಹೆಜ್ಜೆ ಗುರುತು ಸಿಕ್ಕಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವರು ಪ್ರಾಣ ಕಳೆದುಕೊಂಡಾಗ ಈ ಹೆಸರು ಮತ್ತೆ ಪತ್ರಿಕೆಗಳ ಮುಖಪುಟಕ್ಕೆ ಬಂತು.

ಕಚ್ಚಿದ್ದು ತಿಳಿಯದ ಕಡಿತ

ಕುರಿ ದನ ಸಾಕುವ ಮನೆಯ ಮಕ್ಕಳಿಗೆ ಉಣ್ಣಿಯ ಪರಿಚಯ ಮಾಡಿಸಬೇಕಾಗಿಲ್ಲ. ಎಮ್ಮೆಯ ಕಿವಿಯೊಳಗೆ, ನಾಯಿಯ ಕತ್ತಿನಲ್ಲಿ ಹುಣಿಸೆ ಬೀಜದಂತೆ ಉಬ್ಬಿ ಕುಳಿತ ಉಣ್ಣಿಯನ್ನು ನೀವು ನೋಡಿಯೇ ಇರುತ್ತೀರಿ. ಮಲೆನಾಡಿನಲ್ಲಿ ಇದನ್ನು ಉಣುಗು ಎನ್ನುತ್ತಾರೆ. ಇದು ಕೀಟವಲ್ಲ, ಜೇಡ, ಚೇಳುಗಳ ವರ್ಗಕ್ಕೆ ಸೇರಿದ ಪ್ರಾಣಿ. ಮೊಟ್ಟೆಯಿಂದ ಹೊರಬಂದ ಮರಿಗೆ ಆರು ಕಾಲು. ಒಮ್ಮೆ ರಕ್ತ ಕುಡಿದು ಪೊರೆ ಬಿಟ್ಟ ಮೇಲೆ ಎಂಟು ಕಾಲಿನ ನಡುಪ್ರಾಯದ ಉಣ್ಣಿಯಾಗುತ್ತದೆ. ಅದು ಮತ್ತೊಮ್ಮೆ ರಕ್ತ ಕುಡಿದು ಬೆಳೆದ ಉಣ್ಣಿಯಾಗುತ್ತದೆ.

ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಹೆಚ್ಚಾಗಿ ತರುವುದು ಈ ನಡುಪ್ರಾಯದ ಉಣ್ಣಿ. ಅದರ ಶಾಸ್ತ್ರೀಯ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಎಳ್ಳುಕಾಳಿಗಿಂತ ಚಿಕ್ಕದು. ಮಳೆಗಾಲ ಕಳೆದು ಚಳಿ ಆರಂಭವಾದ ಮೇಲೆ ಕಾಡಿನ ತರಗೆಲೆಯ ಮೇಲೆ, ಹುಲ್ಲಿನ ತುದಿಯಲ್ಲಿ ಕಾಲು ಚಾಚಿ ಕಾಯುತ್ತಿರುತ್ತದೆ. ಸೊಪ್ಪಿನಬೆಟ್ಟದಲ್ಲಿ ತರಗು ಗುಡಿಸುವವರು, ಸೌದೆ ತರುವವರು, ದನ ಮೇಯಿಸುವವರು ಹಾಯ್ದರೆ ಬಟ್ಟೆಗೆ ಅಂಟಿಕೊಂಡು ಮೈಗೆ ಏರುತ್ತದೆ. ಅದು ಕಚ್ಚಿದರೆ ನೋವಾಗುವುದಿಲ್ಲ. ರಕ್ತ ಕುಡಿದು ತಾನಾಗಿಯೇ ಉದುರಿಹೋಗುತ್ತದೆ.

ರೋಗಪತ್ತೆಯ ಮೊದಲ ತೊಡಕು ಇಲ್ಲಿಯೇ ಇದೆ. ‘ಉಣ್ಣಿ ಕಚ್ಚಿತ್ತೇ?’ ಎಂದು ವೈದ್ಯರು ಕೇಳಿದರೆ ರೋಗಿ ‘ಇಲ್ಲ ಸ್ವಾಮಿ’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನ ಮನಸ್ಸಿನಲ್ಲಿರುವ ಉಣ್ಣಿ ಕುರಿಯ ಮೈಮೇಲಿನ ದಪ್ಪ ಉಣ್ಣಿ. ಅಂಥದು ಕಚ್ಚಿದ್ದರೆ ಕಾಣದೆ ಇರುತ್ತಿರಲಿಲ್ಲ. ಆದುದರಿಂದ ಕೇಳಬೇಕಾದ ಪ್ರಶ್ನೆಯೇ ಬೇರೆ. ‘ಹೋದ ಹದಿನೈದು ದಿನಗಳಲ್ಲಿ ಎಲ್ಲಿದ್ದೆ? ಕಾಡಿಗೆ, ತೋಟಕ್ಕೆ ಕಾಲಿಟ್ಟೆಯಾ? ಅಲ್ಲಿ ಮಂಗ ಸತ್ತ ಸುದ್ದಿ ಕೇಳಿದೆಯಾ?’

ಮಂಗನ ಪಾತ್ರವನ್ನೂ ಸ್ವಲ್ಪ ತಿಳಿಯಬೇಕು. ಹೆಸರು ಕೇಳಿದವರು ಮಂಗ ಕಚ್ಚಿದರೆ ಬರುವ ರೋಗವೆಂದು ಭಾವಿಸುತ್ತಾರೆ. ಮಂಗವೂ ನಮ್ಮಂತೆಯೇ ಉಣ್ಣಿಯಿಂದ ಕಚ್ಚಿಸಿಕೊಂಡು ನರಳುವ ಪ್ರಾಣಿ, ನಮಗಿಂತ ಹೆಚ್ಚಾಗಿ ಸಾಯುವ ಪ್ರಾಣಿ. ಸತ್ತ ಮಂಗದ ಮೈ ತಣ್ಣಗಾದೊಡನೆ ಅದರ ರಕ್ತ ಕುಡಿದ ಉಣ್ಣಿಗಳೆಲ್ಲ ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಆ ಜಾಗ ಅಪಾಯದ ತಾಣವಾಗುತ್ತದೆ. ಮಲೆನಾಡಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂದು ಹೇಳುವುದು ಇದಕ್ಕಾಗಿ. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಈ ರೋಗ ಹರಡುವುದಿಲ್ಲ. ಊರಿಗೆ ಮರಳಿ ಜ್ವರ ಬಂದವನನ್ನು ದೂರ ಇಡುವ ಅಗತ್ಯವಿಲ್ಲ.

ಇನ್ನೊಂದು ಗೊಂದಲ ಕನ್ನಡದ್ದೇ. ಕೆನ್ನೆಯ ಕೆಳಗೆ ಊದಿಕೊಳ್ಳುವ ಮಂಗನಬಾವು ಬೇರೆ, ಮಂಗನ ಕಾಯಿಲೆ ಬೇರೆ. ಮಂಗನ ಸಿಡುಬು ಎಂಬ ಮೂರನೆಯದೂ ಈಗ ಸುದ್ದಿಯಲ್ಲಿ ಸೇರಿಕೊಂಡಿದೆ. ಈ ಮೂರಕ್ಕೂ ಹೆಸರಿನ ಹೊರತು ಒಂದಕ್ಕೊಂದು ನಂಟಿಲ್ಲ.

ದಿನ ಎಣಿಸುವ ವಿದ್ಯೆ

ಉಣ್ಣಿ ಕಚ್ಚಿದ ದಿನದಿಂದ ಜ್ವರ ಬರುವವರೆಗೆ ಸಾಮಾನ್ಯವಾಗಿ 3ರಿಂದ 8 ದಿನ ಹಿಡಿಯುತ್ತದೆ. ಜ್ವರ ನಿಧಾನವಾಗಿ ಏರುವುದಿಲ್ಲ, ಒಮ್ಮೆಲೇ ಬಂದು ಬಡಿಯುತ್ತದೆ. ಹಣೆಯಲ್ಲಿ ಸಿಡಿಯುವ ನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ತಡೆಯಲಾರದ ನೋವು, ಕೆಂಪಾದ ಕಣ್ಣು, ವಾಂತಿ, ಭೇದಿ. ಎದ್ದು ಕೂರಲಾರದಷ್ಟು ಸುಸ್ತು. ಕೆಲವರ ಅಂಗುಳಿನಲ್ಲಿ ಸಣ್ಣ ಗುಳ್ಳೆಗಳು ಕಾಣುತ್ತವೆ. ಕೆಲವರಿಗೆ ಮೂಗಿನಿಂದ, ವಸಡಿನಿಂದ, ಮಲದಲ್ಲಿ ರಕ್ತ ಹೋಗುತ್ತದೆ. ಬಹುಪಾಲು ಜನ ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಜ್ವರ ಬಿಟ್ಟು ಒಂದೆರಡು ವಾರ ಕಳೆದ ಮೇಲೆ ಮತ್ತೆ ಜ್ವರ ಮರುಕಳಿಸುತ್ತದೆ. ಈ ಎರಡನೆಯ ಸುತ್ತಿನಲ್ಲಿ ತಲೆನೋವು, ಕತ್ತು ಬಿಗಿಯುವುದು, ಕೈ ನಡುಕ, ಮನಸ್ಸಿನ ಗೊಂದಲ ಕಾಣಬಹುದು. ರೋಗ ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ.

ಈಗ ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಚಳ್ಳಕೆರೆ ತಾಲ್ಲೂಕಿನ ಒಬ್ಬ ಯುವಕ ತೀರ್ಥಹಳ್ಳಿಯ ಕಡೆ ಒಂದು ತೋಟದಲ್ಲಿ ದುಡಿದು ಜನವರಿ 20ರಂದು ಊರಿಗೆ ಮರಳಿದ. 24ರಂದು ಜ್ವರ ಬಂತು. ಕಾಗದದ ಮೇಲೆ ಗೆರೆ ಎಳೆದು ದಿನಗಳನ್ನು ಹಿಂದಕ್ಕೆ ಎಣಿಸಿ. 24ರಿಂದ ಮೂರು ದಿನ ಹಿಂದೆ 21, ಎಂಟು ದಿನ ಹಿಂದೆ 16. ಅಂದರೆ 16ರಿಂದ 21ರ ಒಳಗೆ ಕಡಿತವಾಗಿರಬೇಕು. ಆ ಅವಧಿಯ ಹೆಚ್ಚು ಭಾಗ ಅವನು ತೋಟದಲ್ಲಿದ್ದ. ಲೆಕ್ಕ ಕೂಡಿತು, ಮಂಗನ ಕಾಯಿಲೆಯನ್ನು ಸಂಶಯಿಸಲೇಬೇಕು.

ಅದೇ ಯುವಕನಿಗೆ ಫೆಬ್ರುವರಿ 14ರಂದು ಮೊದಲ ಸಲ ಜ್ವರ ಬಂದಿದ್ದರೆ? ಮರಳಿ 25 ದಿನಗಳಾದವು. ಮಂಗನ ಕಾಯಿಲೆ ಅಷ್ಟು ದಿನ ಅಡಗಿ ಕೂರುವುದಿಲ್ಲ. ಉಣ್ಣಿಯೊಂದು ಬಟ್ಟೆ ಅಥವಾ ಕಂಬಳಿಯ ಮಡಿಕೆಯಲ್ಲಿ ಸೇರಿ ಬಂದಿದ್ದರೂ ಒಂದೆರಡು ದಿನಗಳ ರಿಯಾಯಿತಿ ಕೊಡಬಹುದು, ಅಷ್ಟೆ. ಆಗ ವೈದ್ಯರು ಬೇರೆ ಕಡೆ ನೋಡುತ್ತಾರೆ. ಮಲೇರಿಯಾ ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರವೂ ಬರಬಲ್ಲದು. ಆದರೆ ಅವಸರ ಬೇಡ; ಇನ್ನೊಂದು ಪ್ರಶ್ನೆ ಉಳಿದಿದೆ. ಜನವರಿ ಕೊನೆಯಲ್ಲಿ ಒಂದು ವಾರ ಜ್ವರ ಬಂದು ಹೋಗಿತ್ತೇ? ಅಂಗಡಿಯ ಮಾತ್ರೆ ನುಂಗಿ ಮಲಗಿ ಎದ್ದು ಅದನ್ನು ಮರೆತಿದ್ದನೇ? ಹೌದಾದರೆ ಫೆಬ್ರುವರಿಯದು ಎರಡನೆಯ ಸುತ್ತು ಇರಬಹುದು, ಲೆಕ್ಕ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ.

ಎಷ್ಟು ಸರಳ ವಿದ್ಯೆ ನೋಡಿ! ಇದಕ್ಕೆ ಯಂತ್ರ ಬೇಡ, ಕ್ಯಾಲೆಂಡರ್ ಸಾಕು. ಹಾಗಿದ್ದೂ ಜ್ವರದ ರೋಗಿಯ ಚೀಟಿಯಲ್ಲಿ ‘ಜ್ವರ, 3 ದಿನ’ ಎಂದು ಬರೆಯುವುದು ಸಾಮಾನ್ಯ, ‘ಮಲೆನಾಡಿನಿಂದ ಬಂದು 7 ದಿನ’ ಎಂದು ಬರೆಯುವುದು ಅಪರೂಪ.

ಪರೀಕ್ಷೆಗೂ ಒಂದು ದಿನ

ರಕ್ತಪರೀಕ್ಷೆ ಮಾಡಿಸಿದರೆ ರೋಗ ತಾನಾಗಿ ತಿಳಿಯುತ್ತದೆ ಎಂಬ ಭಾವನೆ ಜನರಲ್ಲಿದೆ. ಯಾವ ಪರೀಕ್ಷೆ, ಯಾವ ದಿನ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಜ್ವರದ ಮೊದಲ ದಿನಗಳಲ್ಲಿ ವೈರಸ್ ರಕ್ತದಲ್ಲಿಯೇ ಸುತ್ತುತ್ತಿರುತ್ತದೆ. ಆಗ ಅದರ ಅನುವಂಶಿಕ ವಸ್ತುವನ್ನೇ ಹಿಡಿಯುವ ಆರ್‌ಟಿ–ಪಿಸಿಆರ್ ಪರೀಕ್ಷೆ ಸೂಕ್ತ. 2020ರ ಕೊರೋನಾ ಕಾಲದಲ್ಲಿ ಮನೆಮನೆಯ ಮಾತಾದ ಹೆಸರದು. ಅಲ್ಲಿ ಮೂಗಿನ ದ್ರವ, ಇಲ್ಲಿ ರಕ್ತ, ತತ್ವ ಒಂದೇ. ದಿನ ಕಳೆದಂತೆ ದೇಹ ವೈರಸ್ಸನ್ನು ಸದೆಬಡಿಯಲು ಪ್ರತಿಕಾಯಗಳನ್ನು ತಯಾರಿಸುತ್ತದೆ. ಮೊದಲು ಹುಟ್ಟುವುದು ಐಜಿಎಂ ಎಂಬ ಪ್ರತಿಕಾಯ. ಸುಮಾರು ಐದನೆಯ ದಿನದಿಂದ ಎಲೈಸಾ ಪರೀಕ್ಷೆಯಲ್ಲಿ ಅದು ಸಿಗತೊಡಗುತ್ತದೆ. ವೈರಸ್ ಕಳ್ಳನೆಂದರೆ ಪ್ರತಿಕಾಯ ಅವನು ಬಿಟ್ಟುಹೋದ ಹೆಜ್ಜೆ. ಕಳ್ಳ ಮನೆಯೊಳಗಿರುವಾಗ ಹೆಜ್ಜೆ ಹುಡುಕಿದರೆ ಸಿಗದು, ಅವನು ಹೋದ ಮೇಲೆ ಮನೆಯೊಳಗೆ ಕಳ್ಳನನ್ನು ಹುಡುಕಿದರೂ ಸಿಗದು.

ಹೀಗಾಗಿ ಎರಡನೆಯ ದಿನ ಐಜಿಎಂ ಪರೀಕ್ಷೆ ಮಾಡಿಸಿ ‘ಇಲ್ಲ’ ಎಂದು ಬಂದರೆ ರೋಗವಿಲ್ಲವೆಂದು ಅರ್ಥವಲ್ಲ. ಎರಡೂ ಪರೀಕ್ಷೆ ಒಟ್ಟಿಗೆ ಮಾಡುವುದು, ಇಲ್ಲವೇ ಕೆಲವು ದಿನ ಬಿಟ್ಟು ಎರಡನೆಯ ಮಾದರಿ ತೆಗೆಯುವುದು ಸರಿಯಾದ ಕ್ರಮ. ಮಾದರಿ ಕಳಿಸುವ ಚೀಟಿಯಲ್ಲಿ ಜ್ವರ ಆರಂಭವಾದ ತಾರೀಖು ಇರಲೇಬೇಕು. ಅದಿಲ್ಲದೆ ಪ್ರಯೋಗಾಲಯದವರು ಕೊಟ್ಟ ಉತ್ತರವನ್ನು ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ.

ಈ ಪರೀಕ್ಷೆಗಳು ಪೇಟೆಯ ಪ್ರತಿ ಲ್ಯಾಬಿನಲ್ಲಿ ಸಿಗುವುದಿಲ್ಲ. ಶಿವಮೊಗ್ಗದಲ್ಲಿ ವೈರಸ್ ರೋಗಪತ್ತೆ ಪ್ರಯೋಗಾಲಯವಿದೆ, ಪುಣೆಯಲ್ಲಿ ರಾಷ್ಟ್ರೀಯ ಸಂಸ್ಥೆಯಿದೆ. ಚಳ್ಳಕೆರೆಯಿಂದ ಚಿತ್ರದುರ್ಗ ಸುಮಾರು 30 ಕಿಲೋಮೀಟರ್, ಅಲ್ಲಿಂದ ಶಿವಮೊಗ್ಗ ಇನ್ನೂ ನೂರಕ್ಕೂ ಹೆಚ್ಚು. ಮಾರ್ಚಿಯ ಬಿಸಿಲಿನಲ್ಲಿ ರಕ್ತದ ಮಾದರಿ ಅಷ್ಟು ದೂರ ಹೋಗಬೇಕಾದರೆ ಹಿಮದ ಪ್ಯಾಕುಗಳಿರುವ ಡಬ್ಬದಲ್ಲಿ, ಸೋರದಂತೆ ಒಂದರೊಳಗೊಂದು ಮುಚ್ಚಿಟ್ಟು ಹೋಗಬೇಕು. ಬಿಸಿಗೆ ಸಿಕ್ಕಿದರೆ ವೈರಸ್ಸಿನ ಸುಳಿವು ಅಳಿದುಹೋಗಿ, ಇದ್ದ ರೋಗವೂ ‘ಇಲ್ಲ’ ಎಂದೇ ಬರಬಹುದು. ಮೊಳಕಾಲ್ಮುರಿನ ಮಾತು ಮತ್ತೂ ಬೇರೆ. ಅಲ್ಲಿಂದ ಬಳ್ಳಾರಿ, ಆಂಧ್ರದ ರಾಯದುರ್ಗ ಸಮೀಪ. ಚಿಕಿತ್ಸೆಗೆ ಗಡಿ ದಾಟಿದ ರೋಗಿಯ ಎದುರಿಗೆ ಕುಳಿತ ವೈದ್ಯರು ತೀರ್ಥಹಳ್ಳಿಯ ಹೆಸರನ್ನೇ ಕೇಳಿರದಿರಬಹುದು. ಅಲ್ಲಿ ರೋಗಿಯೇ ಬಾಯಿಬಿಟ್ಟು ಹೇಳಬೇಕು.

ದಾರಿ ತಪ್ಪಿಸುವ ಸೋದರರು

ನಮ್ಮ ತಾಲ್ಲೂಕು ಪೇಟೆಗಳಲ್ಲಿ ಜ್ವರಕ್ಕೆ ಮೊದಲು ಮಾಡಿಸುವ ಪರೀಕ್ಷೆ ವಿಡಾಲ್. ಟೈಫಾಯ್ಡ್ ಪತ್ತೆಗೆಂದು ನೂರು ವರ್ಷಕ್ಕೂ ಹಿಂದೆ ಬಂದ ಪರೀಕ್ಷೆ ಅದು. ಟೈಫಾಯ್ಡ್ ಹೆಚ್ಚಾಗಿರುವ ನಾಡಿನಲ್ಲಿ ಹಿಂದೆಂದೋ ಆದ ಸೋಂಕಿನಿಂದಲೋ ಬೇರೆ ಜ್ವರದ ಪ್ರಭಾವದಿಂದಲೋ ಒಂದೇ ಸಲದ ವಿಡಾಲ್ ಪರೀಕ್ಷೆ ‘ಹೌದು’ ಎನ್ನುವುದು ಸಾಮಾನ್ಯ. ಜೊತೆಗೆ ಮತ್ತೊಂದು ತಮಾಷೆ ಇದೆ. ಜ್ವರ ಏರಿದಷ್ಟು ನಾಡಿ ಏರದಿರುವುದು ಟೈಫಾಯ್ಡಿನ ಹಳೆಯ ಗುರುತು ಎಂದು ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುತ್ತಾರೆ. ಮಂಗನ ಕಾಯಿಲೆಯಲ್ಲೂ ಹಾಗೆಯೇ ಆಗುತ್ತದೆ!

ಡೆಂಗ್ಯೂ ಇನ್ನೂ ಹತ್ತಿರದ ಸೋದರ. ಎರಡೂ ಒಂದೇ ಕುಟುಂಬದ ವೈರಸ್ಸುಗಳು. ಎರಡರಲ್ಲೂ ಬಿಳಿ ರಕ್ತಕಣ ಕಡಿಮೆಯಾಗುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ, ಮೈಕೈ ನೋವು ವಿಪರೀತ. ಡೆಂಗ್ಯೂವಿನ ಐಜಿಎಂ ಪ್ರತಿಕಾಯ ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯುವುದರಿಂದ ಹಳೆಯ ಡೆಂಗ್ಯೂ ಇಂದಿನ ಜ್ವರದ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳಬಹುದು. ಪ್ಲೇಟ್‌ಲೆಟ್ ಇಳಿದೊಡನೆ ಡೆಂಗ್ಯೂ ಎಂದು ತೀರ್ಮಾನಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಅದು ಅಷ್ಟು ಒಳ್ಳೆಯ ಅಭ್ಯಾಸವಲ್ಲ.

ಇಷ್ಟೆಲ್ಲ ಬೇರ್ಪಡಿಸಿ ಏನು ಪ್ರಯೋಜನ, ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧವೇ ಇಲ್ಲವಲ್ಲ ಎಂದು ನಿಮ್ಮಲ್ಲಿ ಜಾಣರು ಕೇಳಬಹುದು. ಔಷಧವಿಲ್ಲ ಎಂಬುದು ನಿಜ. ಆದರೆ ರಕ್ತಸ್ರಾವದ ಅಪಾಯವಿದೆ ಎಂದು ತಿಳಿದರೆ ಆಸ್ಪಿರಿನ್ ಮತ್ತು ಆ ಜಾತಿಯ ನೋವಿನ ಮಾತ್ರೆಗಳನ್ನು ಕೊಡದೆ ಪ್ಯಾರಾಸಿಟಮಾಲ್‌ನಲ್ಲೇ ನಿಲ್ಲಿಸುತ್ತಾರೆ, ನೀರಿನ ಅಂಶ ಕಾಯುತ್ತಾರೆ, ರಕ್ತದೊತ್ತಡ ಕುಸಿಯದಂತೆ ನೋಡಿಕೊಳ್ಳುತ್ತಾರೆ, ಎರಡನೆಯ ಸುತ್ತಿಗೆ ಎಚ್ಚರವಾಗಿರುತ್ತಾರೆ. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ ಇದೆ. ಕಾಡುಮೇಡು ಅಲೆದು ಬಂದವರಿಗೆ ಬರಬಹುದಾದ ಕೆಲವು ಜ್ವರಗಳಿಗೆ ಅಗ್ಗದ, ಖಚಿತವಾದ ಔಷಧ ಇದೆ.

ಭಾರತೀಯ ಉಣ್ಣಿ ಟೈಫಸ್ ಅಂಥದೊಂದು. ಇದು ವೈರಸ್ಸಿನಿಂದಲ್ಲ, ರಿಕೆಟ್ಸಿಯಾ ಎಂಬ ಅತಿಸಣ್ಣ ಬ್ಯಾಕ್ಟೀರಿಯಾದಿಂದ ಬರುತ್ತದೆ. ಇದನ್ನು ಹರಡುವ ಉಣ್ಣಿಗಳಲ್ಲಿ ನಾಯಿಯ ಉಣ್ಣಿಯೂ ಸೇರಿದೆ. ಹಾಗಾಗಿ ಊರು ಬಿಟ್ಟು ಹೋಗದವರಿಗೂ ಬರಬಹುದು. ಜ್ವರದ ಮೂರು ನಾಲ್ಕನೆಯ ದಿನ ಕೈಕಾಲುಗಳ ಮೇಲೆ ಕೆಂಪು ಚುಕ್ಕೆ ಏಳುತ್ತವೆ. ಅಂಗೈ ಅಂಗಾಲುಗಳಲ್ಲಿಯೂ ಚುಕ್ಕೆ ಕಂಡರೆ ವೈದ್ಯರ ಕಿವಿ ನಿಮಿರುತ್ತದೆ. ಸ್ಕ್ರಬ್ ಟೈಫಸ್ ಉಣ್ಣಿಯ ಜ್ವರವಲ್ಲ, ಪೊದೆಯಲ್ಲಿರುವ ನುಸಿಯ ಮರಿಯಿಂದ ಬರುವುದು. ಆದರೂ ಪಟ್ಟಿಯಲ್ಲಿ ಪಕ್ಕದಲ್ಲೇ ನಿಲ್ಲುತ್ತದೆ. ನುಸಿ ಕಚ್ಚಿದ ಜಾಗದಲ್ಲಿ ಬೀಡಿಯ ಬೆಂಕಿ ತಾಗಿ ಸುಟ್ಟಂತೆ ಕಪ್ಪು ಹಕ್ಕಳೆ ಕಟ್ಟಿರುತ್ತದೆ. ಅದು ಕಂಕುಳಲ್ಲೋ, ತೊಡೆಯ ಸಂದಿನಲ್ಲೋ, ಉಡಿದಾರದ ಕೆಳಗೋ ಅಡಗಿರುವುದರಿಂದ ಬಟ್ಟೆ ಸರಿಸಿ ಹುಡುಕದೆ ಕಾಣುವುದಿಲ್ಲ. ನೋವಿಲ್ಲದ ಆ ಹಕ್ಕಳೆಯನ್ನು ರೋಗಿಯೂ ಕಂಡಿರುವುದಿಲ್ಲ. ಸಂಕೋಚದಿಂದ ಪರೀಕ್ಷೆ ಅರ್ಧಕ್ಕೇ ನಿಂತರೆ ರೋಗ ಕೈತಪ್ಪಿತು.

ಈ ಗುಂಪಿನ ಜ್ವರಗಳಿಗೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಬಹಳ ಸಲ ಎರಡು ಮೂರು ದಿನದಲ್ಲಿ ಜ್ವರ ಇಳಿಸುತ್ತದೆ. ಟೈಫಾಯ್ಡಿಗೆ ಸಾಮಾನ್ಯವಾಗಿ ಕೊಡುವ ಚುಚ್ಚುಮದ್ದುಗಳು ಇವಕ್ಕೆ ನಾಟುವುದಿಲ್ಲ. ತಡಮಾಡಿದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳು ಕೆಡುತ್ತವೆ. ಇವುಗಳ ಪತ್ತೆಗೆ ವೈಲ್–ಫೆಲಿಕ್ಸ್ ಎಂಬ ಹಳೆಯ ಪರೀಕ್ಷೆಯೊಂದಿದೆ. 1916ರ ಸುಮಾರಿಗೆ ಬಂದದ್ದು. ರಿಕೆಟ್ಸಿಯಾವನ್ನು ಸಾಮಾನ್ಯ ಲ್ಯಾಬಿನಲ್ಲಿ ಬೆಳೆಸಲಾಗದು. ಆದರೆ ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಪ್ರೋಟಿಯಸ್ ಎಂಬ ಬೇರೆಯೇ ಬ್ಯಾಕ್ಟೀರಿಯಾವನ್ನೂ ಹಿಡಿದು ಗಂಟುಗಟ್ಟಿಸುತ್ತವೆ. ಈ ಆಕಸ್ಮಿಕ ಹೋಲಿಕೆಯನ್ನೇ ಪರೀಕ್ಷೆಯಾಗಿ ಮಾಡಿದ ಜಾಣತನ ಮೆಚ್ಚುವಂಥದು. ಆದರೂ ಮೊದಲ ವಾರದಲ್ಲಿ ಅದು ಬಹಳ ಸಲ ಸುಮ್ಮನಿರುತ್ತದೆ, ಈಗ ಎಲೈಸಾ ಪರೀಕ್ಷೆಗಳು ಅದಕ್ಕಿಂತ ನಂಬಿಕೆಗೆ ಅರ್ಹ. ಆದುದರಿಂದ ಬಲವಾದ ಸಂಶಯವಿದ್ದಾಗ ಉತ್ತರ ಬರುವವರೆಗೆ ಕಾಯದೆ ವೈದ್ಯರು ಡಾಕ್ಸಿಸೈಕ್ಲಿನ್ ಆರಂಭಿಸುತ್ತಾರೆ. ಯಾರಿಗೆ, ಎಷ್ಟು ಎಂಬುದು ವೈದ್ಯರ ನಿರ್ಧಾರ. ಅಂಗಡಿಯಲ್ಲಿ ಕೇಳಿ ನುಂಗುವ ಮಾತ್ರೆ ಇದಲ್ಲ.

ದೂರದ ಪ್ರಯಾಣಿಕರಿಗೆ ಇನ್ನೆರಡು ಹೆಸರು. ಕ್ರಿಮಿಯನ್–ಕಾಂಗೋ ರಕ್ತಸ್ರಾವ ಜ್ವರ 2011ರಲ್ಲಿ ಗುಜರಾತಿನಲ್ಲಿ ಪತ್ತೆಯಾಯಿತು. ಅದೂ ಉಣ್ಣಿಯದೇ, ಆದರೆ ರೋಗಿಯ ರಕ್ತದಿಂದ ಶುಶ್ರೂಷೆ ಮಾಡುವವರಿಗೂ ಅಂಟುತ್ತದೆ. ಸೌದಿ ಅರೇಬಿಯಾದಲ್ಲಿ 1990ರ ದಶಕದಲ್ಲಿ ಸಿಕ್ಕ ಅಲ್‌ಖುರ್ಮಾ ವೈರಸ್ ನಮ್ಮ ಕ್ಯಾಸನೂರು ವೈರಸ್ಸಿಗೆ ತೀರ ಹತ್ತಿರದ ಬಂಧು. ಅದರ ನಂಟು ಕುರಿ, ಒಂಟೆಗಳೊಂದಿಗೆ. ಕೊಲ್ಲಿ ದೇಶದಲ್ಲಿ ಕುರಿ ಕಾಯುವ ಅಥವಾ ಕಸಾಯಿ ಕೆಲಸ ಮಾಡಿ ಮರಳಿದವರಿಗೆ ಜ್ವರ ಬಂದರೆ ಆ ಕೆಲಸದ ಮಾತೂ ವೈದ್ಯರಿಗೆ ತಿಳಿಯಬೇಕು.

ಯಾವ ಸಿದ್ದಾಪುರ?

ಊರಿನ ಹೆಸರನ್ನಷ್ಟೇ ಹೇಳಿದರೂ ಸಾಲದು ಎಂಬುದಕ್ಕೆ ಮೊಳಕಾಲ್ಮುರಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. ಬ್ರಹ್ಮಗಿರಿಯ ಹತ್ತಿರದ ಸಿದ್ದಾಪುರ ಇತಿಹಾಸದ ವಿದ್ಯಾರ್ಥಿಗಳಿಗೆ ಗೊತ್ತು, 1892ರಲ್ಲಿ ಬಿ.ಎಲ್. ರೈಸ್ ಅವರು ಅಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದರು. ಉತ್ತರ ಕನ್ನಡದಲ್ಲಿ ಸಿದ್ದಾಪುರ ಎಂಬ ತಾಲ್ಲೂಕೇ ಇದೆ. ಮಂಗನ ಕಾಯಿಲೆ ಮತ್ತೆ ಮತ್ತೆ ಕಾಣಿಸಿಕೊಂಡಿರುವ ತಾಲ್ಲೂಕು ಅದು. ಕೊಡಗಿನಲ್ಲಿ ಕಾಫಿ ತೋಟಗಳ ನಡುವೆ ಮತ್ತೊಂದು ಸಿದ್ದಾಪುರ. ‘ಸಿದ್ದಾಪುರಕ್ಕೆ ಹೋಗಿದ್ದೆ’ ಎಂದು ಮೊಳಕಾಲ್ಮುರಿನ ಆಸ್ಪತ್ರೆಯಲ್ಲಿ ಹೇಳಿದರೆ ಚೀಟಿ ಬರೆಯುವವರು ಪಕ್ಕದ ಊರೆಂದುಕೊಂಡು ಮುಂದಕ್ಕೆ ಹೋಗುತ್ತಾರೆ. ತಾಲ್ಲೂಕು, ಜಿಲ್ಲೆ ಸೇರಿಸಿ ಹೇಳಬೇಕು. ಹೋದ ದಿನ, ಮರಳಿದ ದಿನ, ಮಾಡಿದ ಕೆಲಸ, ಜ್ವರ ಬಂದ ದಿನ ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಇನ್ನೂ ಉತ್ತಮ. ಓದು ಬಾರದ ಹಿರಿಯರಿಗೆ ಮನೆಯ ವಿದ್ಯಾರ್ಥಿ ಬರೆದುಕೊಡಬಹುದು.

ತಡೆಗಟ್ಟುವ ಕ್ರಮಗಳ ಬಗ್ಗೆ ಒಂದೆರಡು ಮಾತು. 1990ರಿಂದ ಮಲೆನಾಡಿನಲ್ಲಿ ಕೊಡುತ್ತಿದ್ದ ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಕಂಡುದರಿಂದ 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಪ್ರಯತ್ನ ನಡೆದಿದೆ. ಆದುದರಿಂದ ಕೆಲಸಕ್ಕೆ ಹೋಗುವವರು ಮೈಮುಚ್ಚುವ ಬಟ್ಟೆ ತೊಡುವುದು, ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳುವುದು, ಮರಳಿದೊಡನೆ ಬಿಸಿನೀರಿನಲ್ಲಿ ಬಟ್ಟೆ ನೆನೆಸಿ ಸ್ನಾನ ಮಾಡುವುದು ಸದ್ಯಕ್ಕೆ ಇರುವ ರಕ್ಷಣೆ. ಮೈಮೇಲೆ ಉಣ್ಣಿ ಕಂಡರೆ ಸೀಮೆಎಣ್ಣೆ ಸುರಿಯುವುದು, ಬೀಡಿಯಿಂದ ಸುಡುವುದು, ಉಗುರಿನಿಂದ ಒರೆಸಿ ಚಿವುಟುವುದು ಯಾವುದೂ ಬೇಡ. ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗುವಂತೆ ಅದರ ತಲೆಯ ಭಾಗವನ್ನು ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆಳೆದು, ಆ ಜಾಗವನ್ನು ಸೋಪಿನಿಂದ ತೊಳೆದು, ಅಂದಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.